ಕೆಳಮನೆಯ ಮೂರು ಕುಟ್ಟು

ಶಾಲೆಗೆ ರಜೆ ಕೊಟ್ಟ ದಿನ ಮಕ್ಕಳ ಗದ್ದಲ ತಾಳಲಾರದೆ, ಕೈಗೆ ಸಿಕ್ಕ ಆಟವೊಂದನ್ನು ಒಪ್ಪಿಸಿ ನೀವು ಅವರನ್ನು ಹೊರಗಟ್ಟಿದಿರಲ್ಲ, ಆ ಆಟದ ಭಾರ ಯಾರ ತಲೆಯ ಮೇಲೆ ಬಿತ್ತೆಂದು ಒಮ್ಮೆಯಾದರೂ ವಿಚಾರಿಸಿದಿರಾ? ಇಲ್ಲವೆಂದರೆ ನೀವೂ ನಾನೂ ಒಂದೇ ಬೆಂಚಿನವರು. ಆದರೆ ನನ್ನ ತಪ್ಪು ನಿಮ್ಮದಕ್ಕಿಂತ ದೊಡ್ಡದು. ಏಕೆಂದರೆ ನಾನು ಶಿಕ್ಷಕಿ. ನೆರೆಯವರ ಹಕ್ಕುಗಳೆಂಬ ಪಾಠವನ್ನು ನಾಲ್ಕನೆಯ ತರಗತಿಗೆ ಹನ್ನೊಂದು ವರ್ಷಗಳಿಂದ ಹೇಳಿಕೊಡುತ್ತ ಬಂದವಳು. ಆ ಪಾಠವನ್ನು ಕೊನೆಗೆ ನನಗೆ ಕಲಿಸಿದವಳು ನನ್ನ ನಾಲ್ಕು ವರ್ಷದ ಮಗಳು.

ಹವ್ರಾಮಾನ್ ಬೆಟ್ಟಸೀಮೆಯ ನಮ್ಮ ಊರು ಬೆಟ್ಟದ ಮೈಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿದೆ. ಕೆಳಮನೆಯ ಮಣ್ಣಿನ ಚಾವಣಿಯೇ ಮೇಲ್ಮನೆಯ ಅಂಗಳ. ಆದುದರಿಂದ ಹಿಮ ಬಿದ್ದ ಬೆಳಿಗ್ಗೆ, ಚಹಾ ಕುಡಿಯುವುದಕ್ಕೆ ಮೊದಲು, ಮೇಲ್ಮನೆಯವರು ತಮ್ಮ ಅಂಗಳದ ಹಿಮವನ್ನು ಬುಟ್ಟಿಗಳಲ್ಲಿ ತುಂಬಿ ಪಕ್ಕದ ಕೊರಕಲಿಗೆ ಸುರಿಯಬೇಕು. ಮುಂದಕ್ಕೆ ತಳ್ಳುವಂತಿಲ್ಲ, ಮುಂದೆ ಇರುವುದು ಕೆಳಮನೆಯವರ ಅಂಗಳ, ಅದರಡಿಯಲ್ಲಿ ಮತ್ತೊಬ್ಬರ ಅಡುಗೆಮನೆ. ಸೊಂಟ ಮುರಿಯುವ ಕೆಲಸ ಹೌದು. ಆದರೆ ಇದು ಉಪಕಾರವಲ್ಲ, ಕರ್ತವ್ಯ.

ನಮ್ಮ ಕೆಳಮನೆಯಲ್ಲಿ ಚಿಮನ್ ಇದ್ದಾಳೆ. ಆಗ ಅವಳು ಹತ್ತೊಂಬತ್ತು ದಿನದ ಬಾಣಂತಿ. ಅವಳ ಗಂಡ ಆವಾತನೂ ಅತ್ತೆಯೂ ಮಗುವಿನ ಜನನವನ್ನು ನೋಂದಾಯಿಸಲು ಪಟ್ಟಣಕ್ಕೆ ಹೋದವರು ಸಂಜೆಗೆ ಮರಳಬೇಕಿತ್ತು. ಹೊರಡುವಾಗ ಆವಾತ್ ನಮ್ಮ ಬಾಗಿಲಿಗೆ ಬಂದು, "ಸಿರ್ವಾನಣ್ಣಾ, ಒಂದು ಹೊತ್ತು ಮನೆ ಕಡೆ ನೋಡ್ಕೋ" ಎಂದಿದ್ದ. ನನ್ನ ಗಂಡ ಸಿರ್ವಾನ್ ಬಲಗೈಯನ್ನು ಕಣ್ಣಿಗೆ ಮುಟ್ಟಿಸಿ, "ಈ ಕಣ್ಣಾಣೆ, ನೀನು ಧೈರ್ಯವಾಗಿ ಹೋಗಿ ಬಾ" ಎಂದಿದ್ದರು. ಅಂದೇ ಮಧ್ಯಾಹ್ನ ಹಿಮ ಶುರುವಾಯಿತು. ಸಂಜೆಗೆ ಘಾಟಿ ಮುಚ್ಚಿತು. ಮರುದಿನ ಫೋನಿನ ಗೋಪುರವೂ ಸತ್ತಿತು.

ಮೊದಲೆರಡು ದಿನ ಸಿರ್ವಾನ್ ಕರ್ತವ್ಯ ತಪ್ಪಲಿಲ್ಲ. ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ನಮ್ಮ ಅಂಗಳದಲ್ಲಿ ಕೆಳಮನೆಗೆ ಬೆಳಕು ಬೀಳಲೆಂದು ಗಾಜು ಮುಚ್ಚಿದ ಬೆಳಕಿಂಡಿಯೊಂದಿದೆ. ಹಿರಿಯ ಮಗಳು ಶಿಲಾನ್ ದಿನವೂ ಮಧ್ಯಾಹ್ನ ಅದನ್ನು ತೆರೆದು, ರೊಟ್ಟಿಯನ್ನೂ ಮಜ್ಜಿಗೆ ಗಂಜಿಯನ್ನೂ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಬಾಣಂತಿಗೆ ಇಳಿಸುತ್ತಿದ್ದಳು.

ಮೂರನೆಯ ದಿನ ಮನೆ ರಣರಂಗವಾಯಿತು. ಅಡಿಯಲ್ಲಿ ಕೆಂಡದ ತಟ್ಟೆ ಇಟ್ಟು ಮೇಲೆ ದಪ್ಪ ರಜಾಯಿ ಹೊದಿಸಿದ ಗಿಡ್ಡ ಮೇಜಿನ ಸುತ್ತ ಆರು ಜನ ಕಾಲು ಚಾಚಿ ಕುಳಿತಿದ್ದೆವು. ರಜಾಯಿಯೊಳಗೆ ಯಾರ ಕಾಲು ಯಾರದೆಂದು ತಿಳಿಯುತ್ತಿರಲಿಲ್ಲ. ಒದೆತ ಮಾತ್ರ ತಿಳಿಯುತ್ತಿತ್ತು.

"ಅಮ್ಮಾ, ರೇಬಿನ್ ಕಾಲು ನನ್ನ ಜಾಗಕ್ಕೆ ಬಂದಿದೆ!" ಎಂದಳು ಶಿಲಾನ್.

"ಜಾಗಕ್ಕೆ ನಿನ್ನ ಹೆಸರು ಬರ್ದಿದ್ಯಾ?" ಎಂದ ಏಳು ವರ್ಷದ ಮಗ ರೇಬಿನ್.

"ಬರೀತೀನಿ. ನಿನ್ನ ಹಣೆ ಮೇಲೆ ಬರೀತೀನಿ, ಕತ್ತೆ ಅಂತ."

ಅಷ್ಟರಲ್ಲಿ ಕಿರಿಯವಳು ಝೀನ ಅಕ್ರೋಟಿನ ಸಿಪ್ಪೆಯನ್ನೆಲ್ಲ ಅಜ್ಜಿಯ ಪಾದರಕ್ಷೆಗೆ ತುಂಬಿ, ಅಜ್ಜಿ ಕಾಲಿಡುವುದನ್ನು ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ನನ್ನ ಅತ್ತೆ ಆಮಿನಾ ಕಾಲಿಟ್ಟರು, ಕೂಗಿದರು. ಮಕ್ಕಳು ಉರುಳಾಡಿ ನಕ್ಕರು. ಕೆಂಡದ ತಟ್ಟೆ ಮಗುಚುವುದೊಂದು ಬಾಕಿ ಉಳಿಯಿತು.

"ಇನ್ನೊಂದು ದಿನ ಇವರ ಜೊತೆ ಕೂತ್ರೆ ನನ್ನನ್ನೇ ಹಿಮದಲ್ಲಿ ಹೂತ್ಬಿಡಿ" ಎಂದು ಸಿರ್ವಾನ್ ಎದ್ದರು. "ಬನ್ರೋ, ಹೊರಗೆ. ಇಡೀ ಊರಲ್ಲಿ ಯಾರಿಗೂ ಇಲ್ಲದಂಥ ಜಾರುಬಂಡೆ ಕಟ್ಕೊಡ್ತೀನಿ."

ಕಟ್ಟಿಕೊಟ್ಟರು. ಆ ದಿನದ ಹಿಮ ಕೊರಕಲಿಗೆ ಹೋಗಲಿಲ್ಲ. ಅಂಗಳದ ನಡುವೆ ರಾಶಿಯಾಯಿತು. ಸಾಲದ್ದಕ್ಕೆ, ಎಲ್ಲಕ್ಕಿಂತ ಮೇಲಿರುವ ನಮ್ಮ ಮನೆಯ ಚಾವಣಿಯ ಹಿಮವನ್ನೂ ಅದರ ಮೇಲೆಯೇ ಕೆಡವಿದರು. ಆಳೆತ್ತರ ಮೀರಿತು. ಅದರ ಮೇಲೆ ಕೊಡಗಟ್ಟಲೆ ನೀರು ಸುರಿದರು; ಸಂಜೆಗೆ ಅದು ಕಲ್ಲಿನಂತೆ ಹೆಪ್ಪುಗಟ್ಟಿ ಹೊಳೆಯಿತು. ಬೆಳಕಿಂಡಿ ಅದರ ಬುಡದಡಿ ಸಿಕ್ಕಿಕೊಂಡಿತು.

"ಅಪ್ಪಾ, ಇದು ಚಿಮನ್ ಅತ್ತೆ ಮನೆ ಸೂರಲ್ವಾ?" ಎಂದು ಶಿಲಾನ್ ಕೇಳಿದಳು.

"ಸೂರು ಅವರದು, ಅಂಗಳ ನಮ್ದು" ಎಂದು ಅವಳಪ್ಪ ನಕ್ಕರು.

ನಾನು ಹೊಸ್ತಿಲಲ್ಲಿಯೇ ನಿಂತಿದ್ದೆ. ಆ ಮಾತು ನನ್ನ ಕಿವಿಗೆ ಬಿದ್ದಿತ್ತು. ಒಂದೇ ಮಣ್ಣಿನ ಪದರಕ್ಕೆ ಎರಡು ಹೆಸರಿಟ್ಟು, ಹಕ್ಕಿನ ಹೆಸರನ್ನು ತಾನಿಟ್ಟುಕೊಂಡು ಹೊಣೆಯ ಹೆಸರನ್ನು ಕೆಳಗಿನವರಿಗೆ ದಾಟಿಸುವ ಆ ಮಾತನ್ನು ನನ್ನ ವಿದ್ಯಾರ್ಥಿ ಆಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಗಂಡನಿಗೆ ಏನೂ ಹೇಳಲಿಲ್ಲ. ಏಕೆ? ಮನೆಯೊಳಗೆ ಮೌನ ಸಿಕ್ಕಿತ್ತು. ಮೂವತ್ನಾಲ್ಕು ಉತ್ತರಪತ್ರಿಕೆಗಳನ್ನು ಆ ಸಂಜೆ ಒಂದೇ ಪಟ್ಟಿಗೆ ತಿದ್ದಿ ಮುಗಿಸಿದೆ. ಬಾಣಂತಿಯ ಊಟವನ್ನು ಅಂದಿನಿಂದ ಶಿಲಾನ್ ಓಣಿಯ ಮೆಟ್ಟಿಲಿಳಿದು ಬಾಗಿಲಿಗೇ ಕೊಟ್ಟುಬರತೊಡಗಿದಳು.

ಐದನೆಯ ಬೆಳಿಗ್ಗೆ ಮಕ್ಕಳು ಜಾರುತ್ತಿದ್ದಾಗ ನೆಲದಡಿಯಿಂದ ಸದ್ದು ಬಂತು. ಧಡ್, ಧಡ್, ಧಡ್. ಪೊರಕೆಯ ಹಿಡಿಯಿಂದ ಚಾವಣಿಗೆ ಕುಟ್ಟಿದಂತೆ. ಸ್ವಲ್ಪ ಬಿಟ್ಟು ಮತ್ತೆ ಮೂರು. ಮಗುವಿನ ನಿದ್ದೆ ಕೆಟ್ಟು ಚಿಮನ್ ಬೇಸರಪಡುತ್ತಿದ್ದಾಳೆಂದು ನಾನು ತಿಳಿದೆ. ಕಿಟಕಿ ತೆರೆದು ಶಿಕ್ಷಕಿಯ ಗತ್ತಿನಲ್ಲಿಯೇ ಹೇಳಿದೆ:

"ಪಾಪು ಮಲಗಿದೆ, ಓಡಾಡ್ಬೇಡಿ. ಜಾರುಬಂಡೆ ಮೇಲೆ ಹತ್ತಿ ಮೂರೂ ಜನ ಸುಮ್ನೆ ಕೂತ್ಕೊಳ್ಳಿ!"

ಕುಳಿತರು, ಮೂವರೂ, ಅದರ ನೆತ್ತಿಯ ಮೇಲೆ. ಹನ್ನೊಂದು ವರ್ಷಗಳ ಬೋಧನೆಯ ಫಲವಾಗಿ ನಾನು ಕೊಟ್ಟ ಆಜ್ಞೆ ಅದು.

ಮಧ್ಯಾಹ್ನಕ್ಕೆ ಮುಂಚೆ ಮಕ್ಕಳು ಚಹಾಕ್ಕೆಂದು ಒಳಗೆ ಬಂದರು. ಝೀನ ಅಜ್ಜಿಯ ಮಡಿಲೇರಿ, "ಅಜ್ಜೀ, ಚಿಮನ್ ಅತ್ತೆ ನಮ್ಮ ಜೊತೆ ಆಟ ಆಡ್ತಿದ್ದಾಳೆ! ಅವಳು ಕೆಳಗಿಂದ ಮೂರು ಸಲ ಕುಟ್ತಾಳೆ, ನಾವು ಮೇಲೆ ಕೂತಲ್ಲೇ ಮೂರು ಸಲ ಕುಣೀತೀವಿ" ಎಂದಳು.

ಹಲ್ಲಿನ ನಡುವೆ ಸಕ್ಕರೆ ಹರಳು ಕಚ್ಚಿ ಚಹಾ ಹೀರುತ್ತಿದ್ದ ಅತ್ತೆ ಲೋಟ ಕೆಳಗಿಟ್ಟರು.

"ಎಷ್ಟು ಸಲ ಅಂದೆ?"

"ಮೂರು. ಆಮೇಲೆ ಮತ್ತೆ ಮೂರು."

"ಯಾವಾಗಿಂದ?"

"ಬೆಳಿಗ್ಗೆಯಿಂದ. ಈಗ ಸುಸ್ತಾಗಿದ್ದಾಳೆ ಅನ್ಸುತ್ತೆ, ಮೆತ್ತಗೆ ಕುಟ್ತಿದ್ದಾಳೆ."

ಅತ್ತೆ ನನ್ನತ್ತ ತಿರುಗಿದರು. "ಟೀಚರಮ್ಮಾ, ನಿನ್ನ ಕಿವಿಗೆ ಬಿತ್ತಾ ಅದು?"

"ಬಿತ್ತು. ಗಲಾಟೆ ಜಾಸ್ತಿ ಆಯ್ತು ಅಂತ ಕುಟ್ತಿದ್ದಾಳೆ ಅಂದ್ಕೊಂಡೆ."

"ಗಲಾಟೆಗೆ ಒಂದು ಕುಟ್ಟು ಕಣೇ. ಮೂರು ಅಂದ್ರೆ ಸೂರು ತಡೀತಿಲ್ಲ ಅಂತ! ಈ ಊರಲ್ಲಿ ಹುಟ್ಟಿದೋಳಿಗೆ ಅದೂ ಗೊತ್ತಿಲ್ವಾ? ಫೋನು ಬಂದಮೇಲೆ ನಿಮಗೆಲ್ಲ ಕಿವಿ ಯಾಕೆ ಬೇಕು, ಬಿಡು."

ಸಿರ್ವಾನ್ ಕರಡಿಯಂತೆ ಓಣಿಗಿಳಿದು ಓಡಿದರು. ನಾನು ಹಿಂದೆಯೇ ಓಡಿದೆ. ಚಿಮನ್‌ಳ ಬಾಗಿಲು ಬಿಗಿದುಕೊಂಡಿತ್ತು. ಒಳಗಿನಿಂದ ಅವಳ ದನಿ ಕೇಳಿಸಿತು: "ಬಾಗಿಲು ನಿನ್ನೆ ಸಂಜೆಯಿಂದ ತೆಗೆಯಕ್ಕೇ ಬರ್ತಿಲ್ಲ ಅಣ್ಣಾ. ದೊಡ್ಡ ತೊಲೆ ಬಾಗಿದೆ. ಮಣ್ಣು ಉದುರ್ತಿದೆ. ತೊಟ್ಟಿಲನ್ನ ಮೂಲೆಗೆ ಎಳೆದಿದ್ದೀನಿ, ಅದಕ್ಕಿಂತ ಹಿಂದೆ ಜಾಗ ಇಲ್ಲ."

ಸಿರ್ವಾನ್ ಭುಜ ಕೊಟ್ಟು ಬಾಗಿಲನ್ನು ಒಡೆಯಲು ಅಣಿಯಾದರು. ಮೇಲಿನಿಂದ ಅತ್ತೆಯ ಕೂಗು ಬಂತು:

"ಮುಟ್ಬೇಡ್ವೋ! ಆ ತೊಲೆ ಈಗ ನಿಂತಿರೋದೇ ಬಾಗಿಲ ಚೌಕಟ್ಟಿನ ಮೇಲೆ. ಮೊದಲು ಮೇಲಿನ ಭಾರ ಇಳಿಸು!"

ಸಿರ್ವಾನ್ ಹಿಂದಕ್ಕೆ ಓಡಿ ಬಂದು ಸಲಿಕೆ ಹಿಡಿದು ಅಂಗಳಕ್ಕೆ ಕಾಲಿಡಹೊರಟರು. ಅತ್ತೆ ಕೋಲನ್ನು ಅಡ್ಡ ಹಿಡಿದರು.

"ಎಮ್ಮೆ ಗಾತ್ರ ಇದ್ದೀಯ. ನೀನು ಕಾಲಿಟ್ರೆ ಹಿಮಾನೂ ನೀನೂ ಒಟ್ಟಿಗೆ ಆ ಮಗೂ ಮೇಲೆ ಬೀಳ್ತೀರ."

"ಮತ್ತೆ ಯಾರು ಹೋಗ್ಬೇಕು ಅಮ್ಮಾ?"

ಶಿಲಾನ್ ಮುಂದೆ ಬಂದಳು. "ನಾನು ಹಗುರ ಇದ್ದೀನಿ. ಕಟ್ಟಿದೋರು ನಾವೇ ಅಲ್ವಾ?"

ಬೇಡವೆಂದು ಕಿರುಚಿದೆ. ತಾಯಿಯಾದವಳು ಬೇರೇನು ಮಾಡಬಲ್ಲಳು? ಆದರೆ ನನ್ನ ಕಾಲಡಿಯಲ್ಲಿ ಮತ್ತೊಬ್ಬ ತಾಯಿ ಬೆಳಗಿನಿಂದ ಕುಟ್ಟುತ್ತಿದ್ದಳು. ನನ್ನ ಮಗುವಿಗೆ ಬೇಡವೆನ್ನುವ ಹಕ್ಕನ್ನು ಅವಳ ಮಗುವಿನ ತಲೆಯ ಮೇಲೆ ನಿಂತು ಚಲಾಯಿಸುವುದು ಹೇಗೆ? ಹಣ್ಣು ಕೀಳುವ ಉದ್ದನೆಯ ಏಣಿಯನ್ನು ತಂದು, ಜಾರುಬಂಡೆಯ ಮಗ್ಗುಲಲ್ಲಿ ಹಾಯುವಂತೆ ಒಂದು ತುದಿಯನ್ನು ನಮ್ಮ ಕಲ್ಲಿನ ಹೊಸ್ತಿಲಿನ ಮೇಲೂ ಇನ್ನೊಂದನ್ನು ಕೊರಕಲಿನ ಬದಿಯ ಕಲ್ಲುಗೋಡೆಯ ಮೇಲೂ ಇಟ್ಟೆವು. ಅಂಗಳಕ್ಕೆ ಅದರ ಭಾರ ಸೋಕಲಿಲ್ಲ. ಶಿಲಾನಳ ಸೊಂಟಕ್ಕೆ ನಾನೇ ಹಗ್ಗ ಬಿಗಿದೆ. ಗಂಟನ್ನು ಅತ್ತೆ ಎರಡು ಸಲ ಎಳೆದು ನೋಡಿದರು. ಏಣಿಯ ಮೇಲೆ ಹೊಟ್ಟೆಯೂರಿ ಅವಳು ತೆವಳಿದಳು.

"ಕೊಡಲಿ ಬೇಡ, ಏಟು ತೊಲೆಗೆ ತಾಗುತ್ತೆ. ಬಿಸಿನೀರೂ ಬೇಡ. ಗರಗಸ ತಗೋ. ರೊಟ್ಟಿ ಕೊಯ್ದ ಹಾಗೆ ಕೊಯ್ಯಿ" ಎಂದು ಅತ್ತೆ ನಿರ್ದೇಶಿಸಿದರು.

ಮೊದಲು ಬೆಳಕಿಂಡಿಯನ್ನು ಬಿಡಿಸಿದಳು. ಅಷ್ಟರಲ್ಲಿ ಅಕ್ಕಪಕ್ಕದವರು ಕೊರಕಲಿನ ಗೋಡೆಯುದ್ದಕ್ಕೂ ಸಾಲುಗಟ್ಟಿದ್ದರು. ಗಾಜು ತೆರೆದು ಶಿಲಾನ್ ಬುಟ್ಟಿ ಇಳಿಸಿದಳು. "ಅತ್ತೇ, ಪಾಪೂನ ಇದರಲ್ಲಿ ಮಲಗಿಸಿ ಕೊಡು."

ಒಳಗಿನಿಂದ ಚಿಮನ್ ಅಳುದನಿಯಲ್ಲಿ ಹೇಳಿದಳು: "ನಲವತ್ತು ಆಗಿಲ್ವಲ್ಲೇ. ಇವತ್ತಿಗೆ ಇಪ್ಪತ್ನಾಲ್ಕು. ಹೊಸ್ತಿಲು ದಾಟಿಸ್ಬಾರ್ದಲ್ವಾ?"

ಬಾಣಂತಿಯೂ ಮಗುವೂ ನಲವತ್ತು ದಿನ ಮನೆ ಬಿಡಬಾರದೆಂಬ ನಿಯಮವನ್ನು ಅತ್ತೆಗಿಂತ ಬಿಗಿಯಾಗಿ ಪಾಲಿಸಿದವರು ಊರಿನಲ್ಲಿಲ್ಲ. ಅವರೇ ಕೂಗಿದರು: "ಆ ಲೆಕ್ಕ ಸೂರು ಗಟ್ಟಿ ಇರೋ ಮನೆಗೆ ಕಣಮ್ಮಾ! ಅಲ್ದೆ ಅವನು ಹೊಸ್ತಿಲು ಎಲ್ಲಿ ದಾಟ್ತಾನೆ? ಬೆಳಕಿಂಡಿಯಿಂದ ಬರ್ತಿದ್ದಾನೆ. ಕೊಡು!"

ಭಯದ ನಡುವೆಯೂ ಗೋಡೆಯ ಸಾಲಿನಲ್ಲಿ ಯಾರೋ ನಕ್ಕರು. ಬುಟ್ಟಿ ಮೇಲೆ ಬಂತು. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಮಗು ಹೇಮಿನ್ ನಿದ್ದೆ ಮಾಡುತ್ತಿದ್ದ. ಮೂಗಿನ ಮೇಲೆ ಉದುರಿದ ಮಣ್ಣಿತ್ತು. ಶಿಲಾನ್ ಬುಟ್ಟಿಯನ್ನು ಏಣಿಯ ಮೇಲೆ ಗೇಣು ಗೇಣಾಗಿ ಸರಿಸುತ್ತ ತಂದು ನನ್ನ ಕೈಗಿತ್ತಳು. ಹಿಂದಿರುಗಿ ಗರಗಸ ಹಿಡಿದಳು.

ಚಿಮನ್ ಇನ್ನೂ ಒಳಗಿದ್ದಳು. ಕಿಂಡಿಯಲ್ಲಿ ಅವಳು ಹಿಡಿಸುವಂತಿರಲಿಲ್ಲ. ಶಿಲಾನ್ ಕೊಯ್ದಳು, ಇನ್ನೊಂದು ಹಗ್ಗ ಕಟ್ಟಿಸಿಕೊಂಡ ರೇಬಿನ್ ಗಡ್ಡೆಗಳನ್ನು ಬುಟ್ಟಿಗೆ ಹೇರಿದ, ದೊಡ್ಡವರು ಕೈಯಿಂದ ಕೈಗೆ ದಾಟಿಸಿ ಕೊರಕಲಿಗೆ ಸುರಿದರು. ಅಕ್ಕ ತಮ್ಮ ಅಂದು ಒಮ್ಮೆಯೂ ಜಗಳವಾಡಲಿಲ್ಲ. ಐದು ದಿನಗಳಿಂದ ಅವರಿಗೆ ಬೇಕಾಗಿದ್ದುದು ಆಟವಲ್ಲ, ಮನೆಯ ಕೆಲಸದಲ್ಲಿ ಒಂದು ಪಾಲು ಎಂಬುದು ನನಗೆ ಆಗ ಹೊಳೆಯಿತು. ಜಾರುಬಂಡೆ ಮೊಣಕಾಲೆತ್ತರಕ್ಕೆ ಇಳಿದಾಗ ಕೆಳಗೆ ಮರ ನರಳಿತು, ಬಾಗಿಲು ಸಡಿಲಾಯಿತು. ಸಿರ್ವಾನ್ ಒಳನುಗ್ಗಿ ಪಾಪ್ಲರ್ ಮರದ ಎರಡು ದಿಮ್ಮಿಗಳನ್ನು ತೊಲೆಗೆ ಆಸರೆಯಾಗಿ ಕೊಟ್ಟರು.

ಚಿಮನ್ ಮೇಲೆ ಬಂದಳು. ಮಗುವನ್ನು ಎದೆಗವಚಿಕೊಂಡಳು. ನಾನು ಕ್ಷಮೆ ಕೇಳಿದೆ. ಅವಳು ಬೈಯಲಿಲ್ಲ; ಬೈದಿದ್ದರೆ ಒಳ್ಳೆಯದಿತ್ತು.

"ಅಕ್ಕಾ, ಬೆಳಿಗ್ಗೆಯಿಂದ ಕುಟ್ಟಿದೆ" ಎಂದಳು. "ಪ್ರತಿ ಸಲಾನೂ ಮೇಲಿಂದ ಉತ್ತರ ಬಂತು. ಕೇಳಿಸಿದೆ, ಬರ್ತಿದ್ದಾರೆ ಅಂದ್ಕೊಂಡೆ. ಅದಕ್ಕೇ ಕಿರುಚಲಿಲ್ಲ."

ಸಿರ್ವಾನ್ ತಲೆ ತಗ್ಗಿಸಿದರು. ಮಕ್ಕಳ ಮುಂದೆಯೇ ಹೇಳಿದರು: "ತಪ್ಪು ಮಕ್ಕಳದಲ್ಲ, ನನ್ನದು. ಆವಾತ್ ಬಂದಾಗ ಅವನ ಮುಂದೆಯೂ ಇದನ್ನೇ ಹೇಳ್ತೀನಿ." ಹೊಸ ತೊಲೆ ತಮ್ಮ ತೋಟದ ಮರದ್ದೇ ಎಂದೂ ಸೇರಿಸಿದರು. ಅವರ ಮೇಲೆ ನನಗೆ ಸಿಟ್ಟು ಪೂರ್ತಿ ಇಳಿದಿಲ್ಲ. ಆದರೆ ಆ ಮಾತಿಗೆ ಗೌರವ ಕೊಡುತ್ತೇನೆ.

ಚಿಮನ್ ನಮ್ಮ ರಜಾಯಿಯಡಿಯಲ್ಲಿಯೇ ಉಳಿದಳು. ಮಾರನೆಯ ಬೆಳಿಗ್ಗೆ ಮತ್ತೆ ಮೊಳದುದ್ದ ಹಿಮ ಬಿದ್ದಿತ್ತು. ನಾನು ಏಳುವಷ್ಟರಲ್ಲಿ ಮೂವರು ಮಕ್ಕಳೂ ಏಣಿಯ ಬಳಿ ಬುಟ್ಟಿಗಳೊಂದಿಗೆ ನಿಂತಿದ್ದರು. ಝೀನಳ ಕೈಯಲ್ಲಿ ಸಾರಿನ ಸೌಟಿತ್ತು. ಶಾಲೆ ತೆರೆದ ಮೊದಲ ದಿನ ನಾನು ಪಾಠವನ್ನು ಪುಸ್ತಕದಿಂದ ಓದಿಸಲಿಲ್ಲ. ಇಡೀ ತರಗತಿಯನ್ನು ಅತ್ತೆಯ ಮುಂದೆ ಕೂರಿಸಿ, ಒಂದು ಕುಟ್ಟಿಗೆ ಏನರ್ಥ, ಮೂರಕ್ಕೆ ಏನರ್ಥ ಎಂದು ಕಲಿಸಿದೆ.

ನಿಮ್ಮ ಊರಿನಲ್ಲಿ ಹಿಮ ಬೀಳದಿರಬಹುದು, ನೆರೆಯವರು ಕುಟ್ಟುವ ಬಗೆಯೂ ಬೇರೆಯಿರಬಹುದು. ಗೋಡೆಯ ಆಚೆಯ ಸದ್ದನ್ನು ಮಾತ್ರ ನೀವಾಗಿಯೇ ಅರ್ಥಮಾಡಿಕೊಂಡು ಸುಮ್ಮನಾಗಬೇಡಿ. ಇಂದು, ಊಟಕ್ಕೆ ಕುಳಿತುಕೊಳ್ಳುವ ಮುಂಚೆ, ನಿಮ್ಮ ಮಕ್ಕಳನ್ನು ಕೈಹಿಡಿದು ಕರೆದುಕೊಂಡು ಆ ಬಾಗಿಲಿಗೆ ಹೋಗಿ, ಏನಾದರೂ ಬೇಕಿತ್ತೇ ಎಂದು ಅವರ ಎದುರಿಗೇ ಕೇಳಿ. ಉತ್ತರ ಬರುವವರೆಗೂ ಅಲ್ಲಿಂದ ಕದಲಬೇಡಿ.