ಶುಕ್ರವಾರದ ಮಣೆ

"ನಾನೇನಂದೆ?"

ಯಾರನ್ನೂ ನೋಡದೆ, ಯಾರಿಗೂ ಅಂತಲ್ಲದೆ ಹಂಸ ಕೇಳಿದಳು. ಮುಖದ ಮೇಲಿಂದ ಅರಿಶಿನದ ನೀರು ಇನ್ನೂ ಇಳಿಯುತ್ತಿತ್ತು. ಬಿಚ್ಚಿದ ಕೂದಲಲ್ಲಿ ಬೇವಿನೆಲೆ ಸಿಕ್ಕಿಕೊಂಡಿತ್ತು. ಎದುರಿಗೆ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು, ಅವಳು ಕೂತಿದ್ದ ಮಣೆಗೆ ಹಣೆ ಮುಟ್ಟಿಸಿ, ಕೊಟ್ಟ ನಿಂಬೆಹಣ್ಣನ್ನು ಸೆರಗಿಗೆ ಕಟ್ಟಿಕೊಂಡು ಹೊರಡುತ್ತಿದ್ದರು. ತಮಟೆಯವನು ತಮಟೆ ಮಗುಚಿ ಹಾಕಿ ಬೀಡಿ ಹಚ್ಚಲು ಅಂಗಳಕ್ಕೆ ಹೋದ.

ಹದಿನಾರು ವರ್ಷದಿಂದ ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಆ ಮನೆದೇವರು ಮುತ್ಯಾಲಮ್ಮ ಹಂಸಳ ಮೈಮೇಲೆ ಬರುತ್ತಿದ್ದಳು. ಮೊದಲು ಗಂಡನ ಸೋದರತ್ತೆಯ ಮೇಲೆ ಬರುತ್ತಿದ್ದ ತಾಯಿ, ಆಕೆ ಮಣ್ಣಾದ ಮೇಲೆ ಹೊಸದಾಗಿ ಬಂದಿದ್ದ ಸೊಸೆಯನ್ನು ಹಿಡಿದುಕೊಂಡಳು. ತಮಟೆ ಬಿರುಸಾಗುವವರೆಗೆ ಹಂಸಳಿಗೆ ಎಲ್ಲ ತಿಳಿಯುತ್ತಿತ್ತು. ಆಮೇಲೆ ಬಾವಿಗೆ ಬಿದ್ದ ಕೊಡದ ಹಾಗೆ. ಮೇಲೆ ಬಂದಾಗ ಮೈಯೆಲ್ಲ ಒದ್ದೆ, ಬಾಯೆಲ್ಲ ಒಣಕಲು. ನಡುವೆ ಆಡಿದ್ದು ಒಂದಕ್ಷರ ನೆನಪಿರುತ್ತಿರಲಿಲ್ಲ. ಪ್ರತಿಸಲ ಕೇಳುತ್ತಿದ್ದಳು, ಯಾರೂ ಹೇಳುತ್ತಿರಲಿಲ್ಲ. ಹೊತ್ತವಳಿಗೆ ಹೇಳಬಾರದು ಅನ್ನುವುದು ಮನೆಯ ಕಟ್ಟು. "ನೀರು ಯಾರ ಮನೆಗೆ ಅಂತ ಕೊಡಕ್ಯಾಕೆ ಬೇಕು?" ಅನ್ನುತ್ತಿದ್ದಳು ಅತ್ತೆ ಗೋವಿಂದಮ್ಮ.

ಇವತ್ತು ಅದೇ ಗೋವಿಂದಮ್ಮ ಹತ್ತಿರ ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಕೂತಳು.

"ಇವತ್ತು ಹೇಳ್ತೀನಿ ಕೇಳು. ನಿನ್ನ ಇಸ್ಯಾನೇ ಕೇಳಿದ್ದು. ಸೊಸೆ ಕಾಲೇಜಿಗೆ ಹೋಗ್ಲಾ ತಾಯೀ ಅಂತ ನಾಲ್ಕು ಜನದ ಮುಂದೆ ಕೇಳ್ದೆ. ಬೇಡ ಅಂದ್ಲು. ಎರಡು ಸಲ ಅಂದ್ಲು. ನಿನ್ನ ಬಾಯಲ್ಲೇ."

ಹಂಸ ಕೆ.ಆರ್. ಪುರದಾಚೆಯ ಹಳ್ಳಿಯವಳು. ಒಂಬತ್ತನೇ ಕ್ಲಾಸಿನ ನಡುವೆ ಮದುವೆಯಾಗಿ ಕಗ್ಗದಾಸಪುರದ ಮುನಿಆಂಜನಪ್ಪನ ಸೊಸೆಯಾಗಿ ಮನೆ ತುಂಬಿದ್ದಳು. ಆಗ ಸುತ್ತ ರಾಗಿ ಹೊಲ. ಈಗ ಹೊಲವೆಲ್ಲ ಸೈಟಾಗಿ, ದನದ ಕೊಟ್ಟಿಗೆಯಿದ್ದ ಕಡೆ ಬಾಡಿಗೆ ರೂಮುಗಳ ಸಾಲು ಎದ್ದಿತ್ತು. ರಾಯಚೂರು, ಸಿಂಧನೂರಿನ ಕಡೆಯಿಂದ ಕೆಲಸಕ್ಕೆ ಬಂದವರು ಅಲ್ಲಿದ್ದರು. ನೀರಿನ ವಾಲ್ವ್ ತಿರುಗಿಸುವುದು ಹಂಸ, ಕೀಗೊಂಚಲು ಹಂಸಳ ಸೊಂಟದಲ್ಲಿ. ಇಷ್ಟಾದರೂ ಆ ಮನೆಯಲ್ಲಿ ಅವಳ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಶುಕ್ರವಾರ 'ತಾಯಿ'. ಉಳಿದ ದಿನ 'ಇವಳೇ'. ತಾಯಿಯನ್ನು ಹೊರುವವಳು ಸಾವಿನ ಮನೆಗೆ ಹೋಗಬಾರದು, ಕಂಡವರ ಮನೆಯಲ್ಲಿ ಉಣ್ಣಬಾರದು. ತವರಿನಲ್ಲಿ ಅಪ್ಪ ಸತ್ತಾಗಲೂ ಊರಬಾಗಿಲಿನಿಂದಲೇ ಕೈಮುಗಿದು ವಾಪಸ್ ಬಂದಿದ್ದಳು.

ಆ ಅಪ್ಪ ಮುಸ್ಸಂಜೆ ಜಗಲಿಯಲ್ಲಿ ಕೂತು ಪದ್ಯ ಹೇಳುತ್ತಿದ್ದವನು. ಓದು ಬಾರದ ಅಪ್ಪ, ಅವನ ಅಪ್ಪನಿಂದ ಕೇಳಿ ಕಲಿತದ್ದನ್ನು ರಾಗ ಎಳೆದು ಹೇಳುತ್ತಿದ್ದರೆ ಹಂಸ ಕಂಬಕ್ಕೊರಗಿ ಕೇಳುತ್ತಿದ್ದಳು. ಬಾಡಿಗೆಗೆ ಬಂದ ರೇವತಿ, ಗಾರ್ಮೆಂಟ್ಸಿನಲ್ಲಿ ಹೊಲಿಯುವ ಸಿಂಧನೂರಿನ ಹುಡುಗಿ, ತನ್ನ ಪುಸ್ತಕ ಕೊಟ್ಟು ಹತ್ತನೇ ಕ್ಲಾಸು ಖಾಸಗಿಯಾಗಿ ಕಟ್ಟಿಸಿದಳು. ಪಾಸಾಯಿತು. ಎರಡು ಸಾವಿರದ ಮೂರರ ಜೂನಿನಲ್ಲಿ ಹಲಸೂರಿನ ಸಂಜೆ ಕಾಲೇಜಿಗೆ, ರೇವತಿಯ ಜೊತೆಯಲ್ಲೇ, ಹಂಸ ಪಿಯುಸಿಗೆ ಸೇರಿದಳು. ಗಂಡ ಜಗನ್ ಟ್ಯಾಂಕರ್ ನೀರಿನ ಗಡಿಬಿಡಿಯಲ್ಲಿ 'ಏನೋ ಮಾಡ್ಕೋ' ಅಂದಿದ್ದ. ಮೊದಲ ವಾರ ಕನ್ನಡದ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಪದ್ಯ ಬರೆದರು. ಅಪ್ಪನ ಬಾಯಲ್ಲಿ ಕೇಳಿದ್ದೇ. ಅಪ್ಪ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಅಮ್ಮನ ಮುದ್ದೆ ಬೇಯುತ್ತಿತ್ತು. ಅಷ್ಟುದ್ದದ್ದು ಆರೇ ಸಾಲಿನಲ್ಲಿ ಹಿಡಿಸಿಬಿಟ್ಟಿದೆಯಲ್ಲ ಅಂತ ಅವಳು ಬೆರಗಾಗಿ ನೋಡಿದ್ದಳು.

ಅಲ್ಲಿ ಹಾಜರಿ ಕರೆಯುವಾಗ 'ಹಂಸ' ಅನ್ನುತ್ತಿದ್ದರು. ಬೈಯುವಾಗಲೂ ಹಂಸ ಅಂತಲೇ ಬೈಯುತ್ತಿದ್ದರು.

ತೊಡಕು ಬಂದದ್ದು ಶುಕ್ರವಾರದಿಂದ. ಇಂಗ್ಲಿಷಿನ ಅಕ್ತರ್ ಸರ್‌ಗೆ ಶುಕ್ರವಾರ ಎರಡು ಪೀರಿಯಡ್. ಬುಧವಾರ ಅವರು ಕರೆದು, "ಹಂಸ, ಒಂದು ಫ್ರೈಡೇನೂ ಬಂದಿಲ್ಲ ನೀವು. ಹೀಗಾದ್ರೆ ಪರೀಕ್ಷೆಗೆ ಕೂರ್ಸೋಕಾಗಲ್ಲಮ್ಮ. ನಾನೂ ನಮಾಜ್ ಮುಗಿಸ್ಕೊಂಡು ಓಡ್ಬರಲ್ವಾ?" ಅಂದಿದ್ದರು. ಅವತ್ತೇ ಹಂಸ ಅತ್ತೆಯ ಹತ್ತಿರ, ತಾಯಿಯ ಮಣೆಯನ್ನು ಶುಕ್ರವಾರ ಬೆಳಗಿಗೆ ಇಟ್ಟುಕೊಳ್ಳೋಣವೇ ಅಂತ ಬೇಡಿದಳು.

"ಅಮ್ಮಂಗೇ ಬಸ್ ಟೈಮ್ ಹೇಳ್ಕೊಡ್ತೀಯೇನೇ?" ಅಂದಿದ್ದಳು ಗೋವಿಂದಮ್ಮ. "ಬೆಳಗ್ಗೆನೋ ಸಂಜೆನೋ, ಕಾಲೇಜು ಬೇಕೋ ಬೇಡ್ವೋ, ಅವಳನ್ನೇ ಕೇಳಿಬಿಡಾಣ."

ಕೇಳಿದ್ದೂ ಆಯಿತು, ಉತ್ತರ ಬಂದದ್ದೂ ಆಯಿತು.

ಸೋಮವಾರ ಸಂಜೆ ರೇವತಿ ಬಂದು ಬಾಗಿಲಲ್ಲಿ ನಿಂತಳು. "ಅಕ್ಕಾರ, ಹೊತ್ತಾತು, ಬರ್ರಿ."

"ಬರಲ್ಲ ಕಣೇ." ಹಂಸ ದನಿ ತಗ್ಗಿಸಿದಳು. "ಶುಕ್ರವಾರ ನೀನು ಕ್ಲಾಸ್ ತಪ್ಪಿಸಿ ಬಂದು ಹಿಂದೆ ಕೂತಿದ್ದೆ ಅಲ್ವಾ? ನಿಜ ಹೇಳು. ನಾನು ಬೇಡ ಅಂದ್ನಾ?"

ರೇವತಿ ಕಾಲಿನ ಚಪ್ಪಲಿ ನೋಡಿಕೊಂಡಳು. "ಅಂದ್ರಿ. ಎಲ್ಲಾರಿಗೂ ಕೇಳೂ ಹಂಗ ಅಂದ್ರಿ. ದೇವರ ಮಾತಿಗೆ ನಾ ಸುಳ್ಳು ಹ್ಯಾಂಗ ಸೇರಿಸ್ಲಿ?"

ಅತ್ತೆ ಕಟ್ಟಿ ಹೇಳಿರಬಹುದು ಅನ್ನುವ ಒಂದು ಕಿಂಡಿ ಉಳಿದಿತ್ತು. ಅದೂ ಮುಚ್ಚಿಕೊಂಡಿತು. ಅತ್ತೆಯ ಮಾತಾದರೆ ಎದುರಾಡಬಹುದು, ಗಂಡನ ಮಾತಾದರೆ ಮುನಿಸಿಕೊಂಡು ಗೋಡೆಗೆ ತಿರುಗಿ ಮಲಗಬಹುದು. ತನ್ನ ಬಾಯಿಗೆ ತಾನು ಏನು ಹೇಳುವುದು? ಜಗನ್ ಕೂಡ ಅದನ್ನೇ ಅಂದ, ಕೆಟ್ಟವನಾಗಿ ಅಲ್ಲ, ನಿಜಕ್ಕೂ ಪೆಚ್ಚಾಗಿ: "ನಾನ್ ಬೇಡ ಅಂದಿದ್ರೆ ನನ್ಜೊತೆ ಕಿತ್ತಾಡ್ಬೋದಿತ್ತು. ನೀನೇ ಅಂದಿದ್ಯಲ್ಲೇ ಮಾರಾಯ್ತಿ!"

ಅವಳು ನೀರು ಬಿಟ್ಟಳು, ಮುದ್ದೆ ತಿರುವಿದಳು. ಸಂಜೆಯಾದರೆ ರೇವತಿಯ ಚಪ್ಪಲಿ ಸದ್ದು ಗೇಟಿನವರೆಗೆ ಹೋಗಿ ನಿಲ್ಲುತ್ತಿತ್ತು, ಆಮೇಲೆ ಮುಂದೆ ಹೋಗುತ್ತಿತ್ತು. ಮನೆ ಮೊದಲಿನಷ್ಟೇ ಇದ್ದರೂ ಗೋಡೆಗಳು ಒಂದೊಂದು ಗೇಣು ಒಳಗೆ ಸರಿದ ಹಾಗೆ ಅವಳಿಗೆ ಕಾಣುತ್ತಿತ್ತು. ದೇವರ ಕೋಣೆಯ ಮುಂದೆ ಹಾಯುವಾಗ ತಲೆಯೆತ್ತುತ್ತಿರಲಿಲ್ಲ. ತಾಯಿ ಬೇಡ ಅಂದದ್ದಕ್ಕೆ ಸಿಟ್ಟು, ಸಿಟ್ಟು ಬಂದದ್ದಕ್ಕೆ ಭಯ. ಬುಧವಾರ ಗೋವಿಂದಮ್ಮ, ಕಾಲು ನೋವು ತೋರಿಸಿಕೊಂಡು ಬರ್ತೀನಿ ಅಂತ ಜಗನ್ ಜೊತೆ ಆಸ್ಪತ್ರೆಗೆ ಹೋಗಿ ಬಂದವಳು ಯಾರ ಹತ್ತಿರವೂ ಮಾತಾಡದೆ ಮಲಗಿದಳು. ಹಂಸ ಅದನ್ನೂ ಕೇಳಲಿಲ್ಲ.

ಗುರುವಾರ ಶುಕ್ರವಾರದ ಹೂವಿಗೆ ರಸೆಲ್ ಮಾರುಕಟ್ಟೆಗೆ ಹೋದಳು. ವಾಪಸ್ ಬರುವಾಗ ರೈಲ್ವೆ ಗೇಟ್ ಹಾಕಿತ್ತು. ಬಸ್ಸು ನಿಂತಿತು. ತೊಡೆಯ ಮೇಲಿನ ಸೇವಂತಿಗೆ ಬುಟ್ಟಿಯನ್ನು ಸರಿಮಾಡಿಕೊಳ್ಳುತ್ತ ಹೊರಗೆ ನೋಡಿದವಳಿಗೆ, ಹೋದ ಗುರುವಾರವೂ ಇದೇ ಗೇಟಿನಲ್ಲಿ ಹೀಗೇ ನಿಂತದ್ದು ನೆನಪಾಯಿತು.

ಅವತ್ತು ಅಕ್ತರ್ ಸರ್ ಎಬ್ಬಿಸಿ ನಿಲ್ಲಿಸಿ ಓದಿಸಿದ್ದರು. ಎರಡನೇ ಸಾಲಿನಲ್ಲೇ ನಾಲಿಗೆ ತಡವರಿಸಿತು. ಅದೇ ಪದವನ್ನು ಮತ್ತೆ ಮತ್ತೆ ಗುದ್ದುತ್ತಿದ್ದರೆ ಹಿಂದಿನ ಬೆಂಚಿನವನೊಬ್ಬ "ಆಂಟೀ, ಗೇರ್ ಚೇಂಜ್ ಮಾಡಿ!" ಅಂದ. ಇಡೀ ಕ್ಲಾಸು ನಕ್ಕಿತು. ರೇವತಿ ತಿರುಗಿ "ನಿಮ್ಮವ್ವಗ ಹೇಳ್ಹೋಗಲೇ" ಅಂತ ಜಗಳಕ್ಕೇ ನಿಂತಳು. ಅಕ್ತರ್ ಸರ್ ನಗಲಿಲ್ಲ. "ಮುಂದಿನ ಸಾಲು, ಹಂಸ" ಅಂದರು. ಅವಳಿಂದ ಆಗಲಿಲ್ಲ. ಕೂತುಬಿಟ್ಟಳು. ಬರುವಾಗ ಈ ಗೇಟಿನಲ್ಲಿ, ಕಿಟಕಿಯ ಕಂಬಿಗೆ ಹಣೆಯಿಟ್ಟು ಅಂದುಕೊಂಡಿದ್ದಳು: ಬೇಡ. ನನಗಿದು ಬೇಡ.

ಮನಸ್ಸಿನಲ್ಲಿ ಅಂದುಕೊಂಡದ್ದಲ್ಲ. ಬಾಯಿಬಿಟ್ಟೇ ಅಂದಿದ್ದಳು. ಪಕ್ಕದಲ್ಲಿದ್ದ ಮುದುಕಿ "ಏನ್ ಬೇಡ ಕಂದಾ?" ಅಂತ ಕೇಳಿದ್ದಳಲ್ಲ!

ರೈಲು ಹೋಯಿತು, ಗೇಟು ಎದ್ದಿತು, ಬಸ್ಸು ಕುಲುಕಿ ಹೊರಟಿತು. ಮಣೆಯ ಮೇಲೆ ಅಂದದ್ದು ಯಾರು? ಅದಕ್ಕೆ ಒಂದೇ ದಿನ ಮುಂಚೆ ತನ್ನ ಬಾಯಲ್ಲಿ ಇದ್ದ ಮಾತೇ ತಾಯಿಯ ಬಾಯಲ್ಲೂ ಬಂತೇ? ಹಾಗಾದರೆ ಈ ಹದಿನಾರು ವರ್ಷ? ಯಾರ ಮಗಳನ್ನು ಎಲ್ಲಿಗೆ ಕೊಡು ಅಂದೆನೋ, ಯಾರ ಮಗುವಿಗೆ ಔಷಧಿ ಬೇಡ ಅಂದೆನೋ. ತಾಯಿ ಇಲ್ಲ ಅಂತ ಅವಳಿಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ. ಇದ್ದಾಳೆ, ಅದಕ್ಕೇ ಭಯ. ಅವಳ ಹೆಸರಿನಲ್ಲಿ ನನ್ನ ಅಂಜಿಕೆ ಮಾತಾಡಿಬಿಟ್ಟಿತಲ್ಲ ಅನ್ನುವ ಭಯ.

ಶುಕ್ರವಾರ ಬಂತು. ಮಣೆ ತೊಳೆದು ರಂಗೋಲಿ ಹಾಕಿಯಾಗಿತ್ತು. ಅಂಗಳದಲ್ಲಿ ಜನ ಸೇರಿದ್ದರು, ತಮಟೆಯವನು ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಿದ್ದ. ಹಂಸ ಒಳಕೋಣೆಯಲ್ಲಿ ಕೂದಲು ಬಿಚ್ಚದೆ, ಜಡೆ ಹೆಣೆದುಕೊಂಡು ಕೂತಿದ್ದಳು. ಗೋವಿಂದಮ್ಮ ಒಳಗೆ ಬಂದು ಬಾಗಿಲು ಹಾಕಿದಳು. ಜಡೆ ನೋಡಿದಳು. ಬೈಯಲಿಲ್ಲ.

"ಹಂಸಾ," ಅಂದಳು.

ಹಂಸ ಬೆಚ್ಚಿಬಿದ್ದಳು. ಆ ಬಾಯಲ್ಲಿ ತನ್ನ ಹೆಸರು ಅವಳು ಕೇಳಿಯೇ ಇರಲಿಲ್ಲ.

"ಕಾಲು ನೋವಲ್ಲ ಕಣೇ. ಗರ್ಭಕೋಶದಾಗೆ ಗಡ್ಡೆ ಐತಂತೆ. ಹೊಟ್ಟೆ ಕುಯ್ಬೇಕು ಅಂದವ್ರೆ ಡಾಕ್ಟ್ರು, ಸೋಮವಾರನೇ ಬನ್ನಿ ಅಂದವ್ರೆ. ಜಗನ್ ಹೂಂ ಅಂದ, ನಿಮ್ಮಾವ ಹೂಂ ಅಂದ್ರು. ಅವರು ಅಂದ್ರೆ ಏನು ಬಂತು? ಅಮ್ಮ ಅನ್ನಬೇಕು. ಅವಳು ಅನ್ನದೆ ನಾನು ಆ ಮೆಟ್ಲು ಹತ್ತಾಕಿಲ್ಲ." ಮುದುಕಿ ಹಂಸಳ ಜಡೆಗೆ ಕೈ ಹಾಕಿದಳು. "ಏಳು, ಕೂದ್ಲು ಬಿಚ್ಚು. ಕೂತ್ಕೋ."

"ಡಾಕ್ಟ್ರು ಹೇಳಿದ್ಮೇಲೆ ಮಾಡಿಸ್ಕೊಳ್ಳಿ ಅತ್ತೆ."

"ಅದನ್ನ ಮಣೆ ಮೇಲೆ ಕೂತು ಹೇಳು."

ಎಷ್ಟು ಸುಲಭ ಅನ್ನಿಸಿತು ಹಂಸಳಿಗೆ. ಕಣ್ಣು ಮುಚ್ಚಿ ತೂಗಿದರೆ ಸಾಕು. ಹೋಗು ಮಗಳೇ, ಕುಯ್ಯಿಸಿಕೋ ಅಂದರೆ ಅತ್ತೆ ಉಳಿಯುತ್ತಾಳೆ. ಸೊಸೆಯನ್ನೂ ಕಾಲೇಜಿಗೆ ಕಳಿಸು ಅಂತ ಇನ್ನೊಂದು ಮಾತು ಸೇರಿಸಿದರೆ ಯಾರು ಇಲ್ಲ ಅಂದಾರು? ಮಾತು ಗಂಟಲಿನವರೆಗೆ ಬಂದು ಕೂತಿತ್ತು. ಅಲ್ಲಿ ತಾಯಿಗೆ ಜಾಗವೇ ಇರಲಿಲ್ಲ.

"ಹೋದ್ವಾರ ಬೇಡ ಅಂದಿದ್ದು ಅಮ್ಮನೋ ನಾನೋ ನಂಗೆ ಗೊತ್ತಿಲ್ಲ ಅತ್ತೆ," ಅಂದಳು. "ಹಿಂದಿನ ದಿನ ಬಸ್ಸಲ್ಲಿ ನಾನೇ ಅಂದಿದ್ದೆ. ಹೆದರ್ಕೊಂಡು. ಈಗ ನೀವು ಆಪರೇಶನ್ ಮಾಡಿಸ್ಕೋಬೇಕು ಅಂತ ನನ್ನ ಮನಸಲ್ಲಿದೆ. ಕೂತ್ರೆ ಅದೇ ಮಾತಾಡತ್ತೆ."

ಹೊರಗೆ ತಮಟೆ ಒಂದು ಸಲ ಸದ್ದು ಮಾಡಿ ನಿಂತಿತು. ಗೋವಿಂದಮ್ಮ ಹಂಸಳ ಎರಡೂ ಕೈ ಹಿಡಿದುಕೊಂಡಳು.

"ಕಾಲೇಜು ತಾನೇ ನಿಂಗೆ? ಹೋಗು. ಶುಕ್ರವಾರನೂ ಹೋಗು, ನಾನೇ ಹೇಳ್ತೀನಿ. ಮುಂದೆ ಯಾವತ್ತೂ ಅಡ್ಡ ಬರಲ್ಲ, ನನ್ನ ಮಗನ ಮೇಲಾಣೆ. ಇವತ್ತೊಂದಿನ ಕೂತ್ಬಿಡು ನನ್ನವ್ವಾ. ನಿನ್ನ ಕಾಲಿಗೆ ಬೀಳ್ತೀನಿ."

ಬಗ್ಗಲು ಹೋದವಳನ್ನು ಹಂಸ ತಡೆದು ಮೇಲೆತ್ತಿದಳು. ಮುದುಕಿಯ ಮೈ ಬಿಸಿಯಾಗಿತ್ತು, ಅಷ್ಟು ದೊಡ್ಡ ಹೆಂಗಸು ಹೂವಿನ ಬುಟ್ಟಿಯಷ್ಟು ಹಗುರವಾಗಿದ್ದಳು.

"ಕಾಲೇಜಿಗೆ ಕಳಿಸಿದ್ರೂ ಸರಿ, ಬಿಟ್ರೂ ಸರಿ. ಸೋಮವಾರ ಆಸ್ಪತ್ರೆಗೆ ನಾನೇ ನಿಮ್ಮ ಕೈ ಹಿಡ್ಕೊಂಡು ಹೋಗ್ತೀನಿ," ಅಂದಳು. "ಆದ್ರೆ ಆ ಮಣೆ ಮೇಲೆ ಕೂರಲ್ಲ ಅತ್ತೆ. ಇವತ್ತೂ ಕೂರಲ್ಲ."