ಉಪಲಿ ಬುರುಜಿನಿಂದ ಕಾಣುವ ಎತ್ತು

ಹಿಮ್ಮಡಿ, ಹಿಮ್ಮಡಿಯ ಮೇಲೆ ಬಿಸಿಲು, ಮತ್ತೆ ಹಿಮ್ಮಡಿ, ಪರಸವ್ವ ಚಪ್ಪಲಿ ಕೈಯಲ್ಲಿ ಹಿಡಿದು ಇಜಾಪುರದ ಉಪಲಿ ಬುರುಜಿನ ಮೆಟ್ಟಿಲು ಏರುತ್ತಿದ್ದಾಳೆ, ಹಿಂದೆ ಗಂಡ ಭಾಗಪ್ಪ, ಮದುವೆಯಾಗಿ ಎರಡು ದೀಪಾವಳಿ ಕಳೆದರೂ ಹೆಂಡತಿಯ ಹಿಮ್ಮಡಿ ಅವನು ಕಂಡದ್ದು ಇವತ್ತೇ, ಹೇಗೆ ಕಾಣಬೇಕು, ಬೀದಿಗಿಳಿದರೆ ಗಂಡ ಮುಂದೆ, ಹೆಂಡತಿ ನಾಕು ಮಾರು ಹಿಂದೆ, ತಿಕೋಟಾದ ಯಾವ ಗಂಡಸಿಗೂ ಹೆಂಡತಿಯ ಹಿಮ್ಮಡಿಯ ಗುರುತು ಇರಲಿಕ್ಕಿಲ್ಲ, ಆದರೆ ಈ ಬುರುಜಿನ ಮೆಟ್ಟಿಲು ಹೊರಗಿಂದ ಹಾವಿನ ಹಾಗೆ ಸುತ್ತಿಕೊಂಡಿದೆ, ಒಂದು ಕಡೆ ಕಲ್ಲು, ಇನ್ನೊಂದು ಕಡೆ ಏನೂ ಇಲ್ಲ, ಬರೀ ಗಾಳಿ — ನೀ ಮುಂದ ನಡಿ, ನಾ ಹಿಂದಿರ್ತೀನಿ, ಬಿದ್ದರ ಹಿಡೀತೀನಿ ಎಂದಿದ್ದ ಕೆಳಗೆ, ಬಲು ಧೀರನ ಹಾಗೆ, ಬೀಳುವವರು ಯಾರೆಂಬುದು ಹೊಟ್ಟೆಯೊಳಗೆ ಗೊತ್ತಿದ್ದೂ. ನೂರು ಸಲ ಹತ್ತಿ ಬಂದೀನಿ ಎಂದು ಊರಿಗೆಲ್ಲ ಹೇಳಿದ ಬುರುಜು ಇದು, ಒಮ್ಮೆಯೂ ಹತ್ತಿಲ್ಲ, ಮಾಳಿಗೆಯ ಏಣಿಗೇ ತಲೆ ಗಿರ್ರ್ ಅನ್ನುತ್ತದೆ ಅವನಿಗೆ, ಆದರೆ ಇವತ್ತು ಹತ್ತದೆ ಬಿಟ್ಟರೆ ಬಸ್ಸು ತಪ್ಪುತ್ತದೆ, ಅಂದರೆ ಬಸ್ಸಲ್ಲ, ಹೆಂಡತಿ.

ಪಂಚಮಿಗೆ ಬಬಲೇಶ್ವರಕ್ಕೆ ತವರಿಗೆ ಹೋದಾಕೆ ದೀಪಾವಳಿ ಮುಗಿದರೂ ತಿರುಗಿ ಬರಲಿಲ್ಲ, ಕರೆಯಲು ಹೋದರೆ ಅತ್ತೆ ರುಕ್ಮವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ, ತಲೆ ಎತ್ತದೆ, ಬರ್ರಿ ಅಳಿಯಂದ್ರ, ಸಿಹಿನೀರಿನ ಬಾವಿ ಸಂಗಾಟ ತಂದೀರೇನು ಅಂದಳು — ಹೆಣ್ಣು ನೋಡಲು ಬಂದ ದಿನ ಇವನೇ ಹೇಳಿದ್ದು, ನಮ್ಮ ಮನಿ ಮುಂದ ಬಾವಿ ಐತ್ರಿ, ಕೊಡ ಬಗ್ಗಿಸಿದ್ರ ಸಾಕು, ನೀರು ತಾನಾಗೇ ಹತ್ತಿ ಬರ್ತದ. ಬಾವಿ ಇದ್ದದ್ದು ಖರೆ, ಅಜ್ಜನ ಕಾಲದಿಂದ ಅದರಲ್ಲಿ ಪಾರಿವಾಳ ಇದ್ದವು. ಭಾಗಪ್ಪನ ಬಾಯಿ ಒಂದು ಬಿಟ್ಟರೆ ಆ ಓಣಿಯಲ್ಲಿ ಬತ್ತದ ಒರತೆ ಇನ್ನೊಂದಿರಲಿಲ್ಲ, ನೀರು ಬೇಕೆಂದರೆ ಹಳ್ಳದ ಆಚೆ ಹೋಗಬೇಕು, ಪರಸವ್ವ ಹೋದಳು, ದಿನಾ ಹೋದಳು, ಒಂದು ಮಾತೂ ಆಡದೆ ಹೋದಳು, ಆಮೇಲೆ ಪಂಚಮಿ ಬಂತು. ಬಾಗಿಲ ಮರೆಯಿಂದ ಅವಳ ದನಿ — ಮೊದಲ ಇಜಾಪುರ ತೋರಸ್ರಿ, ನೀವು ಅಷ್ಟು ಬಣ್ಣಿಸಿದ್ದರಾಗ ಖರೆ ಎಷ್ಟದ ನೋಡ್ತೀನಿ, ಆಮ್ಯಾಲ ತಿಕೋಟಾದ ಬಸ್ ಹತ್ತೋದೋ ಬಬಲೇಶ್ವರದ ಬಸ್ ಹತ್ತೋದೋ ಹೇಳ್ತೀನಿ.

ಮುಂಜಾನೆ ಬಾರಾ ಕಮಾನು, ಮೋಡಕ್ಕೆ ತಾಗುತ್ತವೆ ಎಂದಿದ್ದ ಕಮಾನುಗಳು, ಮೋಡವೇ ಇರಲಿಲ್ಲ ಇವನ ಪುಣ್ಯ, ಅವಳು ಕತ್ತೆತ್ತಿ ನೋಡಿ, ಮಾಳಿಗಿ ಎಲ್ಲೈತ್ರಿ ಅಂದಳು, ಹಾಕಿದ್ರ ಸೂರ್ಯಾಗ ಅಡ್ಡ ಆಗ್ತಿತ್ತು, ಅದಕ್ಕ ಅರ್ಧಕ್ಕ ಬಿಟ್ಟಾರ ಅಂದ, ಹಂಗಾರ ಕಟ್ಟೋ ಮುಂದ ನಿಮ್ಮನ್ನ ಕೇಳಿರಬೇಕು ಬಿಡ್ರಿ. ಆಮೇಲೆ ಮುಲುಕ ಮೈದಾನ ಎಂಬ ಫಿರಂಗಿ ತೋಪು, ಈ ಬಿಸಿಲಿಗೆ ಅದರ ಬೆನ್ನ ಮೇಲೆ ರೊಟ್ಟಿ ಬಡಿದರೆ ಬೇಯಬೇಕು, ಮುಟ್ಟಿದರೆ ತಣ್ಣಗೆ, ಜನ ಅಂಗೈ ಊರಿ ಮನಸ್ಸಿನಲ್ಲಿ ಬೇಡಿಕೊಳ್ಳುವ ತೋಪು, ಪರಸವ್ವನೂ ಅಂಗೈ ಊರಿ ಕಣ್ಣು ಮುಚ್ಚಿದಳು, ಏನು ಬೇಡಿದಳೋ, ಯಾವ ಬಸ್ಸು ಬೇಡಿದಳೋ, ಎದೆ ತಡೆಯದೆ ಇವನು ಬಾಯಿ ಬಿಟ್ಟ, ಚೀನಾದವರ ಕೂಡ ಗಡಿಯಾಗ ಲಡಾಯಿ ನಡದದಲ್ಲ, ಇದೊಂದು ಒಯ್ದು ನಿಲ್ಲಿಸಿದ್ರ ಸಪ್ಪಳಕ್ಕs ಓಡ್ತಾರ. ಒಯ್ಯವರು ಯಾರ್ರಿ ಅಂದಳು. ನಮ್ಮ ಎತ್ತು ಸಾಕು, ಅದೇನು ಸಣ್ಣ ಎತ್ತೇನು, ಉಪಲಿ ಬುರುಜಿನ ಮ್ಯಾಲೆ ನಿಂತ್ರ ತಿಕೋಟಾದಾಗ ಅದರ ಕೋಡು ಕಾಣ್ತಾವ. ಕಾಣ್ತಾವೇನು, ಹಂಗಾರ ಹತ್ತೋಣ ನಡೀರಿ ಅಂದುಬಿಟ್ಟಳು.

ಹಿಮ್ಮಡಿ, ಅಕ್ಕಿ ತುಂಬಿದ ಸೇರು ಒದ್ದು ಮನೆಯೊಳಗೆ ಬಂದ ದಿನ ಅರಿಸಿನ ಹಚ್ಚಿತ್ತಂತೆ ಅದಕ್ಕೆ, ನುಣುಪಾಗಿತ್ತು ಎಂದು ಓಣಿಯ ಹೆಂಗಸರು ಆಡಿಕೊಂಡಿದ್ದರು, ಈಗ ಕರಿ ಹೊಲ ಬಿರಿದ ಹಾಗೆ ಬಿರಿದಿದೆ, ಬೇಸಿಗೆಯ ಹೊಲ, ಒಂದೊಂದು ಬಿರುಕಿನಲ್ಲಿ ಕಾಳು ಬಿತ್ತಬಹುದು, ಹಳ್ಳದ ದಾರಿ ಪೂರಾ ಅಲ್ಲೇ ಬರೆದಿದೆ, ಹೋಗುವ ದಾರಿ, ಕೊಡ ಹೊತ್ತು ಬರುವ ದಾರಿ — ಗಾಳಿ ಬೀಸಿತು, ಕೆಳಗೆ ಒಂದು ಟಾಂಗಾ ಕಡ್ಡಿಪೆಟ್ಟಿಗೆಯಷ್ಟಾಗಿ ಹೋಯಿತು, ಅದನ್ನು ನೋಡಬಾರದಿತ್ತು, ಟಾಂಗಾ ಗಿರ್ರ್, ಬುರುಜು ಗಿರ್ರ್, ಭಾಗಪ್ಪ ಮೆಟ್ಟಿಲ ಮೇಲೆ ಕುಂಡೆ ಊರಿ ಗೋಡೆಗೆ ಹಲ್ಲಿಯಂತೆ ಅಂಟಿದ, ನೀ ಹೋಗಿ ಬಾ, ನಾ ನೋಡಿ ನೋಡಿ ಬ್ಯಾಸತ್ತೀನಿ ಅಂದ ದನಿ ತನ್ನದೇ ಅನ್ನಿಸಲಿಲ್ಲ. ಅವಳು ತಿರುಗಿ ನೋಡಿದಳು, ಬಹಳ ಹೊತ್ತು ನೋಡಿದಳು, ಮತ್ತೆ ಹತ್ತಿದಳು, ಹಿಮ್ಮಡಿ ಗೋಡೆಯ ಸುತ್ತು ತಿರುಗಿ ಮರೆಯಾಯಿತು.

ಈಗ ಕಲ್ಲು, ಕಲ್ಲಿನ ಮೇಲೆ ಬಿಸಿಲು, ಮೇಲಿಂದ ಎತ್ತೂ ಕಾಣುವುದಿಲ್ಲ ಕೋಡೂ ಕಾಣುವುದಿಲ್ಲ, ಧೂಳು ಕಾಣುತ್ತದೆ ಅಷ್ಟೇ, ಕಮಾನು ಖರೆ, ತೋಪು ಖರೆ, ಈ ಊರಿನಲ್ಲಿ ಇವನು ಎಷ್ಟು ಉಬ್ಬಿಸಿ ಹೇಳಿದರೂ ಕಲ್ಲು ಅದಕ್ಕಿಂತ ದೊಡ್ಡದಾಗೇ ನಿಂತಿದೆ, ಸುಳ್ಳಾದದ್ದು ಇವನೊಬ್ಬನೇ, ಬಬಲೇಶ್ವರದ ಬಸ್ಸು ಮೊದಲೇ ಬಿಡುತ್ತದೆ, ಹತ್ತಿದರೆ ಕಿಟಕಿಯಿಂದ ನೋಡುತ್ತಾಳೋ ಇಲ್ಲವೋ — ಬಳೆಯ ಸಪ್ಪಳ, ಇಳಿದು ಬಂದಳು, ಒಂದು ಮೆಟ್ಟಿಲು ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು, ಇವನು ಏನು ಕೇಳಬೇಕೋ ತಿಳಿಯದೆ ಕಂಡಿತೇನು ಅಂದ, ಅವಳು ಪಡುವಲ ಕಡೆ ನೋಡುತ್ತ, ಕಂಡಿತಲ್ರಿ, ಎತ್ತು ಮೇಯಾಕತ್ತಿತ್ತು, ಬಲಗಡಿ ಕೋಡು ಚೂರು ಸೊಟ್ಟದ, ನೀವು ಹೇಳಿರಲಿಲ್ಲ. ಬಾವಿನೂ ಕಂಡಿತು, ಪಾರಿವಾಳ ಕುಂತಿದ್ವು, ನಾಳಿಂದ ಒಂದು ಕೊಡ ನೀವೂ ಹೊರ್ರಿ, ಅಷ್ಟ. ಎದ್ದಳು, ಇವನನ್ನು ದಾಟಿ ಕೆಳಗಿನ ಮೆಟ್ಟಿಲಿಗಿಳಿದು ಗಾಳಿಯ ಕಡೆಯ ಅಂಚಿಗೆ ತಾನು ಸರಿದು ನಿಂತಳು, ಕೆಳಗ ನೋಡಬ್ಯಾಡ್ರಿ, ನನ್ನ ಹಿಮ್ಮಡಿ ನೋಡಿಕೋತ ಬರ್ರಿ, ತಿಕೋಟಾ ಬಸ್ಸಿನ್ಯಾಗ ಕಿಡಕಿ ಬಾಜೂ ನಾ ಕೂಡ್ತೀನಿ, ಈಗs ಹೇಳಿರ್ತೀನಿ. ಒಂದೇನು, ಹತ್ತು ಕೊಡ ಹೊರ್ತೀನಿ, ಭೂತನಾಳ ಕೆರೀನ ಹೊತ್ತು ತರ್ತೀನಿ ಎಂದು ನಾಲಗೆಯ ತುದಿಗೆ ಬಂತು, ಬಂದದ್ದು ಅಲ್ಲೇ ನಿಂತಿತು, ಅವಳು ಒಂದು ಮೆಟ್ಟಿಲು ಇಳಿದಳು, ಹಿಮ್ಮಡಿ, ಬಿರುಕಿನೊಳಗೆ ಬುರುಜಿನ ಬಿಳಿ ಧೂಳು, ಇವನು ಒಂದು ಇಳಿದ, ಹಿಮ್ಮಡಿ, ಇನ್ನೊಂದು, ಹಿಮ್ಮಡಿ