ಒಂದರಿಂದ ಐದರೊಳಗೆ

ಹೊಲಿಗೆ ಮೆಷಿನ್ನು ನಿಂತಿತು, ದಾರ ತುಂಡಾಯಿತೋ ಏನೋ, ಇಲ್ಲ, ಹುಡುಗಿ ಸೊಂಟಕ್ಕೆ ಕೈ ಕೊಟ್ಟು ಹಿಂದಕ್ಕೆ ವಾಲಿದ್ದಾಳೆ, ತುಂಬಿದ ಬಸುರಿ, ಹೊಟ್ಟೆ ಹಲಗೆಗೆ ತಾಗುತ್ತದೆ ಅಂತ ದಿನದಿನಕ್ಕೂ ಸ್ಟೂಲನ್ನು ಹಿಂದೆ ಸರಿಸುತ್ತಾಳೆ, ಕೇಳಿ ಪ್ರಶ್ನೆ ಅಕ್ಕ, ಇವತ್ತು ಏನು ಬಾಕಿ ಇದೆ, ಅನ್ನುತ್ತಾಳೆ. ಪ್ರಶ್ನೆ ಅಕ್ಕ — ಬೀದಿಯವರೆಲ್ಲ ಸೇರಿ ಇಟ್ಟ ಹೆಸರು, ಮೊದಮೊದಲು ನಗು ಬರುತ್ತಿತ್ತು, ಈಗ ಕಿವಿಗೆ ಬಿದ್ದರೆ ಚುಳ್ಳೆನ್ನುತ್ತದೆ. ಬೀದಿಯ ಕೊನೆಗೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡು, ಅದರ ಪಕ್ಕದಲ್ಲೇ ಬದುಕುವವರು ತಮ್ಮ ನೀರನ್ನು, ಗಾಳಿಯನ್ನು ಹೇಗೆ ಕಾಣುತ್ತಾರೆ ಅನ್ನುವುದು ಈ ಪ್ರಶ್ನೆ ಅಕ್ಕನ ಸಂಶೋಧನೆ, ಹೊರಗಿನಿಂದ ಬಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ, ಜೊತೆಗಿದ್ದು, ಜೊತೆಗೆ ಉಂಡು ನೋಡಬೇಕು, ಅದಕ್ಕೇ ಈ ದರ್ಜಿ ಹುಡುಗಿಯ ಮನೆಯ ಮುಂದಿನ ಕೋಣೆ ಬಾಡಿಗೆಗೆ ಹಿಡಿದದ್ದು, ಹುಡುಗಿಯ ಗಂಡನಿಗೂ ಅದೇ ಶೆಡ್ಡಿನಲ್ಲಿ ಕೆಲಸ. ಮೊನ್ನೆ ನೀರಿನ ಪರೀಕ್ಷೆಯ ಫಲಿತಾಂಶ ಫೋನಿಗೆ ಬಂತು, ಇದೇ ಮನೆಯ ಹಿತ್ತಲ ಕೈಪಂಪಿನ ನೀರು, ಸೀಸ, ಬಸುರಿಯರು ಬಾಯಿಗೆ ಹಾಕಲೇಬಾರದಷ್ಟು. ತಕ್ಷಣ ಸಂಶೋಧನೆಯ ಗೈಡಿಗೆ ಫೋನು ಮಾಡಿದಳು. ದುಡುಕಬೇಡಮ್ಮ, ಒಂದೇ ಮಾದರಿ ಅದು, ತಪ್ಪಿದ್ದರೆ? ಇನ್ನೊಂದು ಸಲ ಪರೀಕ್ಷೆ ಆಗಲಿ, ಅಷ್ಟರಲ್ಲಿ ಸಮೀಕ್ಷೆ ಮುಗಿಸು, ಈಗಲೇ ಹೇಳಿಬಿಟ್ಟರೆ ಬೀದಿಯ ಉತ್ತರವೆಲ್ಲ ಬದಲಾಗುತ್ತೆ, ನಮ್ಮ ಕೆಲಸ ನೋಡೋದು, ಕಲಕೋದಲ್ಲ. ಮೇಡಂ, ಅವಳು ಬಸುರಿ. ಗೊತ್ತು, ಒಂದು ವಾರ, ಅಷ್ಟೇ. ಒಂದು ವಾರ — ಹೊಟ್ಟೆಯೊಳಗಿನ ಕೂಸಿಗೆ ಯಾವ ಗೈಡು ಹೇಳುತ್ತಾರೆ, ತಡಿ ಮರಿ, ಒಂದು ವಾರ ಬೆಳೆಯಬೇಡ ಅಂತ?

ಅವತ್ತಿನಿಂದ ಇವಳು ಅಂಗಡಿ ನೀರು ತರುತ್ತಾಳೆ, ಬಾಟಲಿಯನ್ನು ಬಟ್ಟೆಯ ಬ್ಯಾಗಿನ ತಳಕ್ಕೆ ತುರುಕಿ, ಕದ ಮುಂದೆ ಮಾಡಿಕೊಂಡು, ಕಳ್ಳಿಯ ಹಾಗೆ ಗುಟುಕರಿಸುತ್ತಾಳೆ. ಹುಡುಗಿಯ ಅತ್ತೆ ನೋಡಿಬಿಟ್ಟರಂತೆ, ಅವಳೇ ಹೇಳುತ್ತಿದ್ದಾಳೆ, ನಗುತ್ತಾ, ಅತ್ತೆಗೆ ಸಿಟ್ಟು ಅಕ್ಕ, ನಮ್ಮನೆ ನೀರು ಅವಳಿಗೆ ಆಗಲ್ವಾ ಅಂತ, ನಾನೇ ಅಂದೆ, ಪಾಪ ಹೊಸಬರಿಗೆ ಹೊಟ್ಟೆಗೆ ಒಗ್ಗಲ್ಲ, ಸುಮ್ನಿರಿ ಅಂತ. ನನ್ನ ಪರವಾಗಿ ಮಾತಾಡಿದಳು, ದೇವರೇ, ನನ್ನ ಪರವಾಗಿ! ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿದೆ, ಪ್ರಶ್ನೆ ಕೇಳಬೇಕು, ಯಾವ ಉತ್ತರದ ಕಡೆಗೂ ವಾಲದ ದನಿಯಲ್ಲಿ, ಮುಖದಲ್ಲಿ ಏನೂ ತೋರಿಸದೆ, ತರಬೇತಿಯಲ್ಲಿ ಇದಕ್ಕೇ ಶಭಾಷ್ ಅನ್ನಿಸಿಕೊಂಡವಳು — ನಿಮ್ಮ ಮನೆಯ ನೀರಿನ ಮೇಲೆ ನಿಮಗೆ ಎಷ್ಟು ನಂಬಿಕೆ, ಒಂದರಿಂದ ಐದರೊಳಗೆ ಹೇಳಿ. ಇದೇನಕ್ಕ ನನಗೂ ಪರೀಕ್ಷೆ! ಐದೇ ಬರ್ಕೊಳ್ಳಿ, ಕೆಟ್ಟದಾಗಿದ್ದಿದ್ರೆ ಇಷ್ಟು ದಿನ ಜೊತೆಗಿದ್ದವರು, ನೀವಾದರೂ ಒಂದು ಮಾತು ಹೇಳ್ತಿರಲಿಲ್ವಾ? ಅನ್ನುತ್ತಾ ಕಿಟಕಿ ಕಟ್ಟೆಯ ಮೇಲಿನ ನೀರಿನ ಲೋಟಕ್ಕೆ ಕೈ ಚಾಚಿದಳು, ಎತ್ತಿದಳು, ಕತ್ತು ಹಿಂದಕ್ಕೆ, ಗಂಟಲು ಮೇಲಕ್ಕೆ ಹೋಗಿ ಕೆಳಗಿಳಿಯಿತು, ಹೇಳು, ಈಗಲಾದರೂ ಹೇಳು, ಮತ್ತೆ ಮೇಲಕ್ಕೆ, ಕೆಳಕ್ಕೆ, ಒಂದೇ ಮಾದರಿ, ತಪ್ಪಿದ್ದರೆ, ತಪ್ಪಿರದಿದ್ದರೆ —

ಕುಡೀಬೇಡ! ಯಾರ ದನಿ ಇದು, ತನ್ನದೇ, ಎದ್ದು ನಿಂತಿದ್ದಾಳೆ, ಕುರ್ಚಿ ಹಿಂದೆ ಬಿದ್ದಿದೆ, ಲೋಟ ಕಿತ್ತುಕೊಂಡ ಕೈಯೆಲ್ಲ ಒದ್ದೆ, ಸೀಸ ಇದೆ ಇದರಲ್ಲಿ, ಮಗುವಿಗೆ ಒಳ್ಳೇದಲ್ಲ, ಈಗಲೇ ಡಾಕ್ಟರ ಹತ್ತಿರ ಹೋಗೋಣ, ನಾನೂ ಬರ್ತೀನಿ, ಏಳು. ಹುಡುಗಿ ಏಳಲಿಲ್ಲ. ಯಾವಾಗ ಗೊತ್ತಾಯ್ತು? ಮೊನ್ನೆ. ಮೊನ್ನೆಯಾ, ಅಂದಳು, ಬ್ಯಾಗಿನ ಕಡೆ ನೋಡಿದಳು, ಬಯ್ಯಲಿ, ಕೂಗಲಿ, ಕಪಾಳಕ್ಕೆ ಎರಡು ಬಿಗಿಯಲಿ, ಅವಳೋ ಕೆಂಪು ದೀಪದತ್ತ ಬೆರಳು ತೋರಿಸಿ ಮೆಲ್ಲಗೆ, ಇದು ಇನ್ನೂ ಓಡ್ತಿದೆಯಾ ಅಕ್ಕ? ಐದು ಅಂದಿದ್ನಲ್ಲ, ಈಗ ಬದಲಾಯಿಸಬಹುದಾ? ಬಾಯಲ್ಲಿ ನೀರಿಲ್ಲ, ಲೋಟವಿಲ್ಲ, ಆದರೂ ಹುಡುಗಿಯ ಆ ಗಂಟಲು ಒಮ್ಮೆ ಮೇಲಕ್ಕೆ ಹೋಯಿತು, ಕೆಳಗಿಳಿಯಿತು, ಮತ್ತೆ ಮೇಲಕ್ಕೆ